ಹುಳುಮನೆಯ ಕಿಟಕಿ

"ಕೋವಿ ಇಳಿಸು ಕೆಂಪಯ್ಯ."

ದಫೇದಾರ್ ಕೆಂಪಯ್ಯ ಕೋವಿ ಇಳಿಸಲಿಲ್ಲ. ಅವನ ಕಣ್ಣು ಕಬ್ಬಿಣದ ಸರಳುಗಳ ಆಚೆ ಕುಳಿತಿದ್ದ ಎರಡು ಆಲ್ಸೇಷಿಯನ್ ನಾಯಿಗಳ ಮೇಲೇ ನೆಟ್ಟಿತ್ತು.

"ಹುಕುಂ ಬಂದದೆ ಸಾರ್. ಇವತ್ತು ಮುಗಿಸ್ಲೇಬೇಕು ಅಂದವ್ರೆ. ಗೇಟ್ ತಾವ ನೋಡಿ, ಅರ್ಧ ಹೂಟಗಳ್ಳಿ ಬಂದು ನಿಂತದೆ."

"ಇವತ್ತು ಅಂದ್ರೆ ಸಂಜೆವರೆಗೂ ಇವತ್ತೇ. ಇಳಿಸು ಅಂದೆ."

ಇನ್‌ಸ್ಪೆಕ್ಟರ್ ಗುರುಮಲ್ಲಪ್ಪ ಈ ಮಾತನ್ನು ನಾಯಿಮನೆಯಿಂದ ಸಾಕಷ್ಟು ದೂರದಲ್ಲಿ, ಮಾವಿನ ಮರಕ್ಕೆ ಬೆನ್ನು ಕೊಟ್ಟು ಹೇಳಿದ. ನಾಯಿ ಎಂದರೆ ಅವನಿಗೆ ಚಿಕ್ಕಂದಿನಿಂದಲೂ ಭಯ. ಒಂದು ಬೀದಿನಾಯಿ ಮೀನಖಂಡಕ್ಕೆ ಬಾಯಿ ಹಾಕಿದ್ದು, ಆಮೇಲೆ ಆಸ್ಪತ್ರೆಯಲ್ಲಿ ಹೊಟ್ಟೆಯ ಸುತ್ತ ಸೂಜಿ ಚುಚ್ಚಿಸಿಕೊಂಡದ್ದು, ಎರಡೂ ಮರೆತಿರಲಿಲ್ಲ. ಠಾಣೆಯಲ್ಲಿ ಯಾರಿಗೂ ಇದು ಗೊತ್ತಿಲ್ಲ. ಗೊತ್ತಾಗುವುದೂ ಅವನಿಗೆ ಬೇಕಿರಲಿಲ್ಲ.

ಮೊನ್ನೆ ಬೆಳಗ್ಗೆ ಮಂಜಿನಲ್ಲಿ ಈ ಎರಡು ನಾಯಿಗಳು, ಟೈಗರ್ ಮತ್ತು ರೂಬಿ, ಮರಿಯಾಗಿದ್ದಾಗಿನಿಂದ ತಮಗೆ ತಿನ್ನಲು ಹಾಕುತ್ತಿದ್ದ ಆಳು ಜವರಯ್ಯನ ಗಂಟಲು ಹರಿದು ಕೊಂದಿದ್ದವು.

ಸರಳುಗಳಿಗೆ ಬೆನ್ನು ಮಾಡಿ, ಕೋವಿಯ ಬಾಯಿಗೆ ನೇರ ಎದುರಾಗಿ ಪಾರ್ವತಮ್ಮ ನಿಂತಿದ್ದಳು. ನಾಯಿ ಬೆಳೆಸಿ ಮಾರುವ ಈ ತೋಟದ ಯಜಮಾನ ವೃಷಭೇಂದ್ರಪ್ಪನ ತಂಗಿ. ಗಂಡ ಬರ್ಮಾ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಆಗಿನಿಂದ ಅಣ್ಣನ ಮನೆಯಲ್ಲೇ ಇದ್ದಾಳೆ. ಮರಿಗಳಿಗೆ ಹುಳದ ಔಷಧಿ ಕುಡಿಸುವುದರಿಂದ ಹಿಡಿದು ತಾಯಿನಾಯಿಯ ಹೆರಿಗೆಯವರೆಗೆ ಈ ತೋಟದ ನಾಯಿಗಳ ಆರೈಕೆಯೆಲ್ಲ ಅವಳದು.

ಕೆಂಪಯ್ಯ ಗೊಣಗುತ್ತ ಕೋವಿ ಇಳಿಸಿದ. ಆಗಲೂ ಅವಳು ಪಕ್ಕಕ್ಕೆ ಸರಿಯಲಿಲ್ಲ.

ಗುರುಮಲ್ಲಪ್ಪ ನಾಯಿಗಳನ್ನು ನೋಡಿದ. ಗುರುಗುಟ್ಟುತ್ತಿಲ್ಲ. ಬೊಗಳುತ್ತಿಲ್ಲ. ಕಿವಿ ನೆಟ್ಟಗೆ ಮಾಡಿ, ಬಾಲ ನೆಲಕ್ಕೆ ಮೆಲ್ಲಗೆ ಬಡಿಯುತ್ತ ಕುಳಿತಿವೆ. ಕಣ್ಣು ಮಾತ್ರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಓಡಾಡುತ್ತಿದೆ.

"ಏನು ನೋಡ್ತಿವೆ ಇವು?"

"ಕೈ ನೋಡ್ತಿವೆ," ಎಂದಳು ಪಾರ್ವತಮ್ಮ. "ಮೊನ್ನೆಯಿಂದ ಹೀಗೇ. ಕಲಿಸಿದ್ದನ್ನ ಸರಿಯಾಗಿ ಮಾಡಿದ ಮೇಲೆ ನಾಯಿ ಹೀಗೆ ಕೂತು ಕಾಯುತ್ತೆ. ತಿನ್ನೋಕೆ ಏನಾದ್ರೂ ಕೊಡ್ತಾರೆ ಅಂತ."

ಗುರುಮಲ್ಲಪ್ಪ ಮರದಿಂದ ಒಂದು ಹೆಜ್ಜೆ ಮುಂದೆ ಬಂದ.

"ಕಲಿಸಿದ್ದನ್ನ ಅಂದ್ರಿ."

"ಹೌದು. ಬನ್ನಿ, ಕೋಟು ತೋರಿಸ್ತೀನಿ."

*

ನಾಯಿಗಳಿಗೆ ಅಡುಗೆ ಮಾಡುವ ಕೊಟ್ಟಿಗೆಯಲ್ಲಿ, ಹಗ್ಗದ ಮಂಚದ ಮೇಲೆ ಆ ಕೋಟು ಬಿದ್ದಿತ್ತು. ದಪ್ಪ ಉಣ್ಣೆಯ ಮಿಲಿಟರಿ ಕೋಟು, ಮೊಣಕಾಲಿನ ಕೆಳಗೆ ಇಳಿಯುವಂಥದು. ಪಾರ್ವತಮ್ಮನ ಗಂಡ ಕೊನೆಯ ರಜೆಯಲ್ಲಿ ಬಂದಾಗ ಬಿಟ್ಟುಹೋದದ್ದು. ಚಳಿಗಾಲದ ಬೆಳಗಿನಲ್ಲಿ ಅದನ್ನು ತೊಟ್ಟು ತಲೆಗೆ ಮಫ್ಲರ್ ಸುತ್ತಿ ಅವಳು ನಾಯಿಗಳನ್ನು ಓಡಿಸಲು ಹೋಗುವುದನ್ನು ಹುಣಸೂರು ರಸ್ತೆಯಲ್ಲಿ ಎತ್ತಿನಗಾಡಿ ಹೊಡೆಯುವವರೆಲ್ಲ ಕಂಡಿದ್ದರು. ಈಗ ಕಾಲರು ರಕ್ತ ಒಣಗಿ ಹಲಗೆಯ ಹಾಗಾಗಿತ್ತು. ಎಡತೋಳು ಚಿಂದಿ.

"ಜವರಯ್ಯನ ಮೈಮೇಲೆ ಇದು ಹೇಗೆ ಬಂತು?"

"ನಾನೇ ಹೊದಿಸ್ದೆ." ಅವಳ ದನಿ ಏರಲಿಲ್ಲ. "ಈ ವರ್ಷ ಅವತ್ತೇ ಮೊದಲ ಮಂಜು. ಪೆಟ್ಟಿಗೆಯಿಂದ ಕೋಟು ಆಗ ತಾನೆ ತೆಗ್ದಿದ್ದೆ. ಜವರಯ್ಯ ಜ್ವರದಲ್ಲಿ ಗಡಗಡ ನಡುಗ್ತಿದ್ದ. ಕೆಲಸಕ್ಕೆ ಬರ್ಬೇಡ ಅಂದ್ರೂ ಕೇಳಲಿಲ್ಲ. ಹಾಗಾದ್ರೆ ಇದಾದ್ರೂ ಹಾಕ್ಕೊಂಡು ಹೋಗು ಅಂದೆ. ತಲೆಗೂ ಮಫ್ಲರ್ ಸುತ್ತಿ ಕಳಿಸ್ದೆ."

ಗುರುಮಲ್ಲಪ್ಪನಿಗೆ ಹೆಣ ಪರೀಕ್ಷಿಸಿದ ಡಾಕ್ಟರು ಹೇಳಿದ್ದು ನೆನಪಾಯಿತು. ಹುಚ್ಚು ಹಿಡಿದ ನಾಯಿ ಸಿಕ್ಕಿದಲ್ಲಿ ಕಚ್ಚುತ್ತದೆ. ಕಾಲು, ತೊಡೆ, ಮುಖ, ಯಾವುದನ್ನೂ ಬಿಡುವುದಿಲ್ಲ. ಜವರಯ್ಯನ ಮೈಯಲ್ಲಿ ಗಾಯವಾಗಿದ್ದುದು ಎಡತೋಳು ಮತ್ತು ಗಂಟಲು. ಬೇರೆಲ್ಲೂ ಒಂದು ಗೀರಿಲ್ಲ.

"ತೋಳು ಹಿಡಿಯೋದನ್ನ ಮರಿಸ್ವಾಮಿ ಕಲಿಸಿದ್ದ," ಎಂದಳು ಪಾರ್ವತಮ್ಮ, ಕೇಳದೆಯೇ. "ಕಳ್ಳ ಬಂದ್ರೆ ತೋಳು ಹಿಡಿದು ನಿಲ್ಲಿಸ್ಬೇಕು. ಬಿಡು ಅಂದ ತಕ್ಷಣ ಬಿಡ್ಬೇಕು. ಎಸ್ಟೇಟಿನೋರು, ಮಿಲ್ಲಿನೋರು ನಮ್ಮ ನಾಯಿ ತಗೊಳ್ಳೋದೇ ಅದಕ್ಕೆ. ಕುತ್ತಿಗೆ ಅವನು ಕಲಿಸಿಲ್ಲ. ನಾಯಿ ಬಲ್ಲೋರು ಯಾರೂ ಅದನ್ನ ಕಲಿಸಲ್ಲ."

ಮರಿಸ್ವಾಮಿ ಈ ತೋಟದಲ್ಲಿ ನಾಯಿಗಳನ್ನು ಪಳಗಿಸುತ್ತಿದ್ದವನು. ಕೊಡಗಿನ ಕಾಫಿ ಎಸ್ಟೇಟಿನ ದೊರೆಯೊಬ್ಬನ ಹತ್ತಿರ ಈ ವಿದ್ಯೆ ಕಲಿತು, ದೊರೆ ಹಡಗು ಹತ್ತಿದ ಮೇಲೆ ಇಲ್ಲಿಗೆ ಬಂದಿದ್ದ. ದಸರಾ ಮುಗಿದ ಮಾರನೆಯ ದಿನವೇ ವೃಷಭೇಂದ್ರಪ್ಪ ಅವನನ್ನು ತೋಟದಿಂದ ಓಡಿಸಿದ್ದ. ಜವರಯ್ಯ ಸತ್ತ ದಿನ ಹೂಟಗಳ್ಳಿಯ ಬಸ್ಸು ನಿಲ್ಲುವ ಕಡೆ ಜನ ಅವನನ್ನು ಹಿಡಿದು ಪಕ್ಕೆಲುಬು ಮುರಿಯುವ ಹಾಗೆ ಬಡಿದರು. ಈಗ ಲಾಕಪ್ಪಿನಲ್ಲಿ ಮಲಗಿ ಉಸಿರೆಳೆಯಲು ಒದ್ದಾಡುತ್ತಿದ್ದಾನೆ. ಹಗೆ ಇಟ್ಟುಕೊಂಡು ನಾಯಿ ಛೂ ಬಿಟ್ಟವನು ಅವನೇ ಎಂದು ಊರೆಲ್ಲ ತೀರ್ಮಾನಿಸಿಯಾಗಿತ್ತು.

"ಅವನನ್ನ ಓಡಿಸಿದ್ದು ಯಾಕೆ?"

ಪಾರ್ವತಮ್ಮ ಅವನ ಮುಖ ನೋಡಿಯೇ ಹೇಳಿದಳು. "ನಾವಿಬ್ರೂ ರಿಜಿಸ್ಟರ್ ಮದುವೆ ಆಗೋಣ ಅಂತಿದ್ವಿ. ಅಣ್ಣಂಗೆ ಗೊತ್ತಾಯ್ತು. ಅವನು ನಮ್ಮ ಜಾತಿಯೋನಲ್ಲ. ನಾನು ಗಂಡ ಸತ್ತೋಳು. ಇನ್ನೇನು ಬೇಕು?"

ಬಾಗಿಲಲ್ಲಿ ನಿಂತಿದ್ದ ಕೆಂಪಯ್ಯ ಕೆಮ್ಮಿ ಆಚೆ ನೋಡಿದ.

ಗುರುಮಲ್ಲಪ್ಪ ಬಗ್ಗಿ ಕೋಟಿನ ಎಡತೋಳನ್ನು ಬೆಳಕಿಗೆ ಹಿಡಿದ. ಹೊಸದಾಗಿ ಹರಿದ ಜಾಗದ ಪಕ್ಕದಲ್ಲಿ ಹಳೆಯ ಹರಕುಗಳಿದ್ದವು. ಸಣ್ಣ ಸಣ್ಣ ತೂತುಗಳು, ಹಲ್ಲು ಊರಿದ ಅಳತೆಯವು. ಒಂದೊಂದನ್ನೂ ಉಣ್ಣೆಯ ಬಣ್ಣಕ್ಕೇ ಹೊಂದುವ ದಾರದಿಂದ, ಎಳೆ ಎಳೆ ನೇಯ್ದ ಹಾಗೆ ಮುಚ್ಚಿದ್ದರು.

"ಇದನ್ನ ಹೊಲಿದಿದ್ದು ನೀವಾ?"

ಅವಳು ಬೆರಳಿನಿಂದ ತಡವಿ ನೋಡಿದಳು. "ನನಗೆ ಗುಂಡಿ ಹಾಕೋಕೂ ನೆಟ್ಟಗೆ ಬರಲ್ಲ. ಹೋದ ವರ್ಷ ಪೆಟ್ಟಿಗೆಗೆ ಹಾಕುವಾಗ ಇದು ಇರಲಿಲ್ಲ. ಮೊನ್ನೆ ಕತ್ತಲೇಲಿ ತೆಗ್ದೆ, ನೋಡಲಿಲ್ಲ."

ಕಾಲರಿನ ಒಳಮಗ್ಗುಲಲ್ಲಿ ಇರುವೆಗಳು ಸಾಲು ಹಿಡಿದಿದ್ದವು. ರಕ್ತಕ್ಕೆ ಬಂದವು ಎಂದುಕೊಂಡ ಮೊದಲು. ಮೂಗಿನ ಹತ್ತಿರ ತಂದ. ರಕ್ತದ ವಾಸನೆಯ ಕೆಳಗೆ ಇನ್ನೊಂದು ವಾಸನೆಯಿತ್ತು. ಹಬ್ಬದ ದಿನ ಅಡುಗೆಮನೆಯಿಂದ ಬರುವಂಥದು.

ತುಪ್ಪ.

*

ಜವರಯ್ಯನ ಹೆಂಡತಿ ದೇವಿರಮ್ಮ ಗೇಟಿನ ಹೊರಗೆ, ಜನರಿಂದ ಬೇರೆಯಾಗಿ ಗೋಡೆಗೊರಗಿ ಕುಳಿತಿದ್ದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಗುರುಮಲ್ಲಪ್ಪ ಅವಳ ಎದುರು ಕುಕ್ಕರಗಾಲಲ್ಲಿ ಕುಳಿತ.

"ಗುಂಡಾಕಿ ಬುದ್ದಿ," ಎಂದಳು ಅವಳು. "ಸುಟ್ಟಾಕಿ ಅವನ್ನ. ನನ್ನ ಕಣ್ಮುಂದೇನೆ ಸುಟ್ಟಾಕಿ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವನಿದ್ದಿದ್ರೆ ಒಪ್ತಿರ್ನಿಲ್ಲ. ನಂಗಿಂತ ಅವ್ನಿಗೆ ನಾಯ್ಗೋಳೇ ಎಚ್ಚು."

"ಇತ್ತೀಚೆಗೆ ನಾಯಿಗಳ ವಿಷಯ ಏನಾದ್ರೂ ಹೇಳ್ತಿದ್ನಾ?"

"ಏನೇಳಾದು. ಮಂಗಳವಾರ, ಸನಿವಾರ ಪ್ಯಾಟೆಗೋಗಿ ಎಲುಬು ತರೋನು. ಆ ದಿನ ಸಂದೇಲಿ ಕೆಲವು ನಾಯಿ ಮುದ್ದೆ ಮೂಸೂ ನೋಡ್ತಿರ್ನಿಲ್ವಂತೆ. ಓಡಿ ಓಡಿ ಸುಸ್ತಾದಂಗೆ ಬಿದ್ದಿರೋವಂತೆ. ಬಾಯೆಲ್ಲ ತುಪ್ಪದ ವಾಸ್ನೆ ಕಣೆ ದೇವಿ, ಅಂದ ಒಂದಿನ. ನಗಾಡ್ಬುಟ್ಟೆ ನಾನು. ನಮ್ಮ ನಾಲಿಗ್ಗೇ ತುಪ್ಪ ಕಾಣೆ, ನಾಯಿಗೆ ಯಾವ ಪುಣ್ಯಾತ್ಗಿತ್ತಿ ಉಯ್ದಾಳು ಅಂದೆ."

ಅವಳು ಮತ್ತೆ ಅಳತೊಡಗಿದಳು. ಈ ಸಲ ಸದ್ದೇ ಇರಲಿಲ್ಲ, ಭುಜ ಮಾತ್ರ ಅಲುಗಿತು.

ಗುರುಮಲ್ಲಪ್ಪ ಎದ್ದು ಬಂದ. ಮಂಗಳವಾರ, ಶನಿವಾರ ಜವರಯ್ಯ ಪೇಟೆಯಲ್ಲಿ. ಪಾರ್ವತಮ್ಮ?

"ಆ ದಿನಗಳಲ್ಲಿ ನೀವೆಲ್ಲಿರ್ತಿದ್ರಿ?" ಎಂದು ಕೇಳಿದ.

"ಮೈಸೂರಲ್ಲಿ. ಊಟ ಆದ ಮೇಲೆ ಬಸ್ಸಿಗೆ ಹೋಗಿ ಮರಿಸ್ವಾಮೀನ ನೋಡ್ಕೊಂಡು ಬರ್ತಿದ್ದೆ. ಅಣ್ಣಂಗೆ ಔಷಧಿ ತರೋಕೆ ಅಂತ ಹೇಳ್ತಿದ್ದೆ." ಮತ್ತೆ ಸೇರಿಸಿದಳು: "ಮರಿಸ್ವಾಮಿ ಹೋದ ಮೇಲೆ ಈ ನಾಯಿಗಳಿಗೆ ಕೆಲಸ ಇರಲಿಲ್ಲ ಇನ್‌ಸ್ಪೆಕ್ಟ್ರೇ. ದಿನಾ ಮೈಲಿಗಟ್ಟಲೆ ಓಡ್ತಿದ್ದವು, ಬೇಲಿ ಹಾರ್ತಿದ್ದವು, ಬಚ್ಚಿಟ್ಟಿದ್ದನ್ನ ಹುಡುಕ್ತಿದ್ದವು. ಅಷ್ಟು ಚುರುಕಿನ ಪ್ರಾಣೀನ ಸುಮ್ನೆ ಕೂರಿಸಿದ್ರೆ ಅದೇ ಒಂದು ಕೆಲಸ ಹುಡ್ಕೊಳ್ಳುತ್ತೆ. ಇಲ್ಲ, ಯಾರು ಕೆಲಸ ಕೊಡ್ತಾರೋ ಅವರ ಹಿಂದೆ ಹೋಗುತ್ತೆ."

"ಹಾಗಾದ್ರೆ ಎಲ್ಲಿಗೆ ಹೋಗ್ತಿದ್ವು ಅಂತ ಇವನ್ನೇ ಕೇಳೋಣ."

*

ರೂಬಿಯ ಕೊರಳಿಗೆ ಚರ್ಮದ ಹಗ್ಗ ಹಾಕಿ ಪಾರ್ವತಮ್ಮ ಹಿಡಿದಳು. ಕೆಂಪಯ್ಯ ಕೋವಿಯೊಡನೆ ಹಿಂದೆ. ಅವನ ಹಿಂದೆ ಗುರುಮಲ್ಲಪ್ಪ.

ನಾಯಿಮನೆಯ ಬಾಗಿಲು ದಾಟಿದ್ದೇ ತಡ, ರೂಬಿ ಹಗ್ಗ ಬಿಗಿಯುವ ಹಾಗೆ ಎಳೆಯಿತು. ಮನೆಯ ಕಡೆಗಲ್ಲ, ಗೇಟಿನ ಕಡೆಗಲ್ಲ. ಹಿಪ್ಪುನೇರಳೆ ಗಿಡಗಳು ಕಾಡು ಬೆಳೆದು ನಿಂತಿದ್ದ ತೋಟದ ಕೊನೆಗೆ. ಅಲ್ಲಿ ಒಂದು ಹಳೆಯ ಹೆಂಚಿನ ಕಟ್ಟಡವಿತ್ತು. ಯುದ್ಧದ ಕಾಲದಲ್ಲಿ ರೇಷ್ಮೆಹುಳು ಸಾಕಿದ್ದ ಹುಳುಮನೆ. ಬೆಲೆ ಬಿದ್ದ ಮೇಲೆ ಮುಚ್ಚಿದ್ದು, ಯಾರೂ ಆ ಕಡೆ ಹೋಗುತ್ತಿರಲಿಲ್ಲ.

ಬಾಗಿಲಿಗೆ ಚಿಲಕ ಮಾತ್ರ ಹಾಕಿತ್ತು. ಕೆಂಪಯ್ಯ ತೆಗೆದ.

ಒಳಗೆ ಮಬ್ಬುಗತ್ತಲೆ. ತೊಲೆಯಿಂದ ಒಬ್ಬ ಮನುಷ್ಯ ನೇತಾಡುತ್ತಿದ್ದ.

"ಅಯ್ಯೋ ಶಿವನೇ," ಎಂದು ಕೆಂಪಯ್ಯ ಹಿಂದೆ ಸರಿದ.

ಮನುಷ್ಯನಲ್ಲ. ಗೋಣಿಚೀಲಕ್ಕೆ ಹುಲ್ಲು ತುಂಬಿ, ತಲೆ, ಎರಡು ತೋಳು ಮಾಡಿ ಹೊಲಿದ ಗೊಂಬೆ. ಎಡತೋಳಿನ ಗೋಣಿ ಹರಿದು ಹುಲ್ಲು ಹೊರಬಂದಿತ್ತು. ಕುತ್ತಿಗೆಗೆ ಒಂದು ಬಟ್ಟೆಯ ಗಂಟು ಬಿಗಿದಿತ್ತು. ಭುಜದ ಮೇಲೆ ಅಂಟಿಕೊಂಡಿದ್ದ ಎಳೆಗಳನ್ನು ಗುರುಮಲ್ಲಪ್ಪ ಬಿಡಿಸಿ ನೋಡಿದ. ಉಣ್ಣೆ. ಆ ಕೋಟಿನದೇ ಬಣ್ಣ.

"ಕೋಟನ್ನ ಪೆಟ್ಟಿಗೆಯಿಂದ ತಂದು ಇದಕ್ಕೆ ತೊಡಿಸಿದಾರೆ. ಕಲಿಸೋದು ಮುಗಿದ ಮೇಲೆ ಹೊಲಿದು ಪೆಟ್ಟಿಗೇಲಿ ಇಟ್ಟಿದಾರೆ. ಮೊದಲ ಚಳಿಗೆ ನೀವು ತೊಡ್ತೀರಿ ಅಂತ," ಎಂದ. ಪಾರ್ವತಮ್ಮನ ಕಡೆ ತಿರುಗಿದ. "ಸಾಯ್ಬೇಕಾಗಿದ್ದೋನು ಜವರಯ್ಯ ಅಲ್ಲಮ್ಮ. ನೀವು."

ಪಾರ್ವತಮ್ಮ ಉತ್ತರಿಸುವ ಮೊದಲೇ ಹಗ್ಗ ಅವಳ ಕೈಯಿಂದ ಜಾರಿತು.

ರೂಬಿ ನೆಗೆಯಿತು. ಗೊಂಬೆಯ ಎಡತೋಳಿಗೆ ಬಾಯಿ ಹಾಕಿ ಇಡೀ ಮೈಯ ಭಾರದಿಂದ ಕೆಳಗೆ ಎಳೆಯಿತು. ಹಗ್ಗದ ಮೇಲೆ ಗೊಂಬೆ ಬಗ್ಗಿತು. ಮರುಗಳಿಗೆ ತೋಳು ಬಿಟ್ಟು ಕುತ್ತಿಗೆ ಹಿಡಿದು ಒಮ್ಮೆ ಜಾಡಿಸಿತು. ಆಮೇಲೆ ತಾನಾಗಿ ಬಿಟ್ಟು, ಕಿಟಕಿಯ ಕಡೆ ತಿರುಗಿ, ನೆಟ್ಟಗೆ ಕುಳಿತು ಬಾಲ ಆಡಿಸಿತು.

ಅದರ ಕಣ್ಣಿನಲ್ಲಿ ಕ್ರೌರ್ಯ ಏನೂ ಇರಲಿಲ್ಲ. ಪಾಠ ಒಪ್ಪಿಸಿದ ಮಗುವಿನ ಸಂತೋಷ ಇತ್ತು.

ಅವನು ಗಂಟು ಬಿಚ್ಚಿಸಿದ. ಒಳಗೆ ತುಪ್ಪದಲ್ಲಿ ನೆನೆದು ಗಟ್ಟಿಯಾದ ರೊಟ್ಟಿಯ ಚೂರುಗಳು.

"ಮರಿಸ್ವಾಮಿ ಏನು ಕೊಡ್ತಿದ್ದ, ಕಲಿಸುವಾಗ?"

"ಬೇಯಿಸಿದ ಕುರಿಯ ಈಲಿ ಚೂರು. ಜೇಬಲ್ಲಿ ಯಾವಾಗ್ಲೂ ಇರ್ತಿತ್ತು. ಅದಕ್ಕೇ ಅತ್ತಿಗೆ ಅವನನ್ನ ಜಗುಲಿ ಹತ್ತಿಸ್ತಿರಲಿಲ್ಲ." ಪಾರ್ವತಮ್ಮ ಹಗ್ಗ ಎತ್ತಿಕೊಂಡು ರೂಬಿಯ ಪಕ್ಕ ಮಂಡಿಯೂರಿದಳು. "ಇದು ಮಾಂಸ ಮುಟ್ಟದೋರ ಕೆಲಸ."

"ಕಿಟಕಿ ಯಾಕೆ ನೋಡ್ತಿದೆ?"

ಗುರುಮಲ್ಲಪ್ಪ ಕಟ್ಟಡ ಸುತ್ತಿಕೊಂಡು ಹೊರಗಿನಿಂದ ಕಿಟಕಿಗೆ ಬಂದ. ಗೋಡೆಗೆ ಸೇರಿಸಿ ಒಂದು ಚಪ್ಪಡಿ ಹಾಕಿತ್ತು. ಕುಳಿತು ಕುಳಿತು ಅದರ ಮುಂದಿನ ಹುಲ್ಲು ಸವೆದಿತ್ತು. ಗೊಂಬೆಯ ಹಗ್ಗ ತೊಲೆಯ ಮೇಲೆ ಹಾದು, ಸರಳುಗಳ ನಡುವೆ ತೂರಿ ಹೊರಗೆ ಬಂದು ಮೊಳೆಗೆ ಸುತ್ತಿತ್ತು. ಸರಳಿನ ಮೇಲೆ ಜಿಡ್ಡು.

ಅವನು ಚಪ್ಪಡಿಯ ಮೇಲೆ ಕುಳಿತು ಹಗ್ಗ ಎಳೆದ. ಒಳಗೆ ಗೊಂಬೆ ಕುಣಿಯಿತು. ರೂಬಿ ಓಡಿಬಂದು ಸರಳಿಗೆ ಮೂಗು ಒತ್ತಿತು. ಬಿಸಿ ಉಸಿರು ಅವನ ಕೈಗೆ ತಗುಲಿತು. ಅವನು ಕೈ ಹಿಂದಕ್ಕೆ ಎಳೆಯಲಿಲ್ಲ.

ಬೆಳಗ್ಗಿನಿಂದ ಮೊದಲ ಸಲ ಅವನಿಗೆ ನಾಯಿಯ ಭಯ ಇರಲಿಲ್ಲ. ನಡುವೆ ಕಬ್ಬಿಣ ಇತ್ತು.

ಅಷ್ಟರಲ್ಲಿ ಅವನಿಗೆ ಹೊಳೆಯಿತು. ಮರಿಸ್ವಾಮಿಗೆ ಈ ಕಿಟಕಿ ಬೇಕಿಲ್ಲ. ನಾಯಿಯ ಬಾಯಿಗೆ ಕೈ ಹಾಕುವವರಿಗೆ ಯಾರಿಗೂ ಬೇಕಿಲ್ಲ. ಇಲ್ಲಿ ಕುಳಿತದ್ದು ತನ್ನ ಹಾಗೇ ನಾಯಿಗೆ ನಡುಗುವ ಜೀವ.

"ಪಾರ್ವತಮ್ಮನೋರೇ," ಎಂದು ಸರಳುಗಳ ಮೂಲಕ ಕೇಳಿದ, "ನಿಮ್ಮ ಮನೇಲಿ ನಾಯಿ ಕಂಡ್ರೆ ಹೆದರೋರು ಯಾರು?"

ಅವಳು ರೂಬಿಯ ಕಿವಿಯ ಹಿಂದೆ ಕೆರೆಯುತ್ತ ಮನೆಯ ಹೆಂಚುಗಳ ಕಡೆ ನೋಡಿದಳು.

*

ಜಗುಲಿಯ ಮೇಲೆ ವೃಷಭೇಂದ್ರಪ್ಪ ಕಾಯುತ್ತಿದ್ದ. ಹಣೆ ತುಂಬ ವಿಭೂತಿ, ಒಗೆದ ಬಿಳಿ ಜುಬ್ಬ. ಎರಡು ದಿನದಲ್ಲಿ ಹತ್ತು ವರ್ಷ ಹೆಚ್ಚಾದವನ ಹಾಗೆ ಕಂಡ. ಬಿಸಿಲು ಪಡುವಣಕ್ಕೆ ವಾಲಿತ್ತು.

"ಇನ್ನೂ ಸುಟ್ಟಿಲ್ವೇನ್ರೀ ಅವನ್ನ? ಜನ ನನ್ನ ಮುಖಕ್ಕೆ ಉಗೀತಿದಾರೆ. ಆ ಮರಿಸ್ವಾಮಿ ಮೇಲೆ ಕೇಸು ಬರೆದು ಮುಗಿಸೋದಕ್ಕೆ ಇಷ್ಟು ಹೊತ್ತು ಬೇಕಾ?"

"ಮರಿಸ್ವಾಮಿ ಅಲ್ಲ ಸ್ವಾಮಿ."

"ಮತ್ತೆ?"

ಗುರುಮಲ್ಲಪ್ಪ ಕೋಟನ್ನು ಬೆಂಚಿನ ಮೇಲೆ ಹರಡಿ ಎಡತೋಳಿನ ಹೊಲಿಗೆ ಮೇಲೆ ಬರುವ ಹಾಗೆ ಇಟ್ಟ.

ಆಗ ನಡುಮನೆಯಿಂದ ಸರ್ವಮಂಗಳಾ ಕಾಫಿ ತಂದಳು. ವೃಷಭೇಂದ್ರಪ್ಪನ ಹೆಂಡತಿ. ಸಣ್ಣ ಮೈಕಟ್ಟು, ತಲೆ ತುಂಬ ಸೆರಗು. ಜಗುಲಿಯ ಕೆಳಗೆ ಪಾರ್ವತಮ್ಮ ಹಿಡಿದಿದ್ದ ರೂಬಿಯನ್ನು ಕಂಡು ಹೊಸಿಲಿನ ಒಳಗೇ ನಿಂತಳು.

"ಅದನ್ನ ಕಟ್ಟಿ ಹಾಕು ಪಾರ್ವತಿ," ಎಂದಳು.

ಪಾರ್ವತಮ್ಮ ಕಟ್ಟಲಿಲ್ಲ. ಹಗ್ಗವನ್ನು ಸ್ವಲ್ಪ ಸಡಿಲ ಬಿಟ್ಟಳು.

ರೂಬಿ ಮೆಟ್ಟಿಲು ಹತ್ತಿತು. ಯಜಮಾನನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಹೊಸಿಲಿನ ಮುಂದೆ ಹೋಗಿ, ನೆಟ್ಟಗೆ ಕುಳಿತು, ಕಾಫಿ ಹಿಡಿದಿದ್ದ ಕೈಯನ್ನೇ ನೋಡುತ್ತ ಬಾಲ ಆಡಿಸಿತು.



"ನಿಮಗೆ ನಾಯಿ ಅಂದ್ರೆ ಭಯ ಅಲ್ವೇನಮ್ಮ?" ಎಂದ ಗುರುಮಲ್ಲಪ್ಪ.

"ಈ ಮನೆಗೆ ಕಾಲಿಟ್ಟ ದಿನದಿಂದ."

"ಅದಕ್ಕೆ ಮಾತ್ರ ನಿಮ್ಮ ಭಯ ಇಲ್ಲ. ಒಳ್ಳೇ ಸಲಿಗೆ ಇದೆ."

"ಏನ್ರೀ ನೀವು ಮಾತಾಡ್ತಿರೋದು!" ವೃಷಭೇಂದ್ರಪ್ಪ ಎದ್ದು ನಿಂತ. "ನನ್ನ ಹೆಂಡತಿ ನಾಯಿಮನೆ ಕಡೆ ತಲೆ ಹಾಕಿ ಮಲಗಿದೋಳಲ್ಲ."

"ಹುಳುಮನೆ ಕಡೆ?"

ಅವನು ಸಿಟ್ಟಿನಿಂದ ಬೆಂಚಿಗೆ ಕೈ ಊರಿದ. ಕೈ ಕೋಟಿನ ತೋಳಿನ ಮೇಲೆ ಬಿತ್ತು. ಹೊಲಿಗೆಯ ಮೇಲೆ ಕಣ್ಣು ಹೋಯಿತು. ಅಲ್ಲೇ ನಿಂತಿತು. ತನ್ನ ಜುಬ್ಬದ ಕೈಯಂಚನ್ನು ನಿಧಾನವಾಗಿ ಮಡಿಸಿ ನೋಡಿದ. ಸವೆದ ಜಾಗದಲ್ಲಿ ಎಳೆಗೆ ಎಳೆ ಸೇರಿಸಿ ನೇಯ್ದ ಹಾಗೆ ಹೊಲಿದಿತ್ತು. ಅದೇ ಕೈ.

"ಮಂಗಳಾ," ಎಂದ.

ಸರ್ವಮಂಗಳಾ ಕಾಫಿಯ ಲೋಟಗಳನ್ನು ಚೆಲ್ಲದ ಹಾಗೆ ಕೆಳಗಿಟ್ಟು, ಹೊಸಿಲ ಮೇಲೆ ಕುಳಿತಳು. ನಾಯಿಗೂ ಅವಳಿಗೂ ನಡುವೆ ಮೊಳದಷ್ಟು ದೂರ.

"ಮೊದ್ಲು ಭಯಕ್ಕೇ ಹಾಕ್ದೆ," ಎಂದಳು. "ಮರಿಸ್ವಾಮಿ ಹೋದ ಮೇಲೆ ಹೇಳೋರು ಕೇಳೋರಿಲ್ದೆ ಹಿತ್ತಲಿಗೆಲ್ಲ ನುಗ್ತಿದ್ದವು. ಬಾವಿ ಹತ್ರ ಹೋಗೋಕಾಗ್ತಿರಲಿಲ್ಲ. ಕಿಟಕಿಯಿಂದ ರೊಟ್ಟಿ ಎಸೆದೆ. ಎಸೆದ್ರೆ ಕೂರ್ತಿದ್ದವು. ಕೂತ್ರೆ ಎಸೀತಿದ್ದೆ. ಎಷ್ಟು ಬೇಗ ಕಲೀತವೆ ಇವು ಅಂತ ನನಗೇ ಆಶ್ಚರ್ಯ."

"ಆಮೇಲೆ ಗೊಂಬೆ ಮಾಡಿದ್ರಿ."

"ನಮ್ಮ ಮಗಳಿಗೆ ಮೈಸೂರಿನ ಲಕ್ಷ್ಮೀಪುರಂನಲ್ಲಿ ಸಂಬಂಧ ಕುದುರಿದೆ. ಮಿಲಿಟರಿ ಡಾಕ್ಟರ ಮನೆ. ಸೋದರತ್ತೆ ಇನ್ನೊಂದು ಜಾತಿಯೋನ ಜೊತೆ ಕಚೇರೀಲಿ ರುಜು ಹಾಕಿ ಬಂದ್ಬುಟ್ಟಳು ಅಂತ ಸುದ್ದಿ ಹೋದ್ರೆ ಆ ಮನೆಯೋರು ನಮ್ಮ ಬಾಗಿಲಿಗೆ ಬರ್ತಾರಾ? ಎಷ್ಟು ಹೇಳಿದೆ ಇವಳಿಗೆ. ಕಾಲು ಹಿಡ್ಕೊಂಡೆ. ಕೇಳಲಿಲ್ಲ." ಪಾರ್ವತಮ್ಮನ ಕಡೆ ಅವಳು ನೋಡಲೇ ಇಲ್ಲ. "ಹೆದರಿಸೋಣ ಅಂತ ಶುರು ಮಾಡಿದ್ದು ಕಣ್ರೀ. ಒಂದು ಸಲ ಕಚ್ಚಿದ್ರೆ ಮನೇಲಿ ಬಿದ್ದಿರ್ತಾಳೆ, ಮದುವೆ ಮುಗಿಯೋವರೆಗೆ ಅಂತ."

"ಕುತ್ತಿಗೆಗೆ ತುಪ್ಪದ ಗಂಟು ಕಟ್ಟಿದ್ದೂ ಹೆದರಿಸೋಕಾ?"

ಸರ್ವಮಂಗಳಾ ನೆಲ ನೋಡುತ್ತ ಹೇಳಿದಳು:

"ಜವರಯ್ಯ ತೊಡ್ತಾನೆ ಅಂತ ನನಗೇನು ಗೊತ್ತಿತ್ತು."

ವೃಷಭೇಂದ್ರಪ್ಪ ಬೆಂಚಿನ ಮೇಲೆ ಕುಸಿದ. ಪಾರ್ವತಮ್ಮ ಏನೂ ಅನ್ನಲಿಲ್ಲ. ಅತ್ತಿಗೆಯ ಕಡೆಗೆ ಒಂದು ಮಾತು, ಒಂದು ಬೈಗುಳ, ಏನೂ ಇಲ್ಲ. ರೂಬಿಯನ್ನು ಹತ್ತಿರ ಎಳೆದುಕೊಂಡು ಕೆಂಪಯ್ಯನ ಕೈಗೆ ಹಗ್ಗ ಕೊಟ್ಟಳು. ಕೆಂಪಯ್ಯ ಕೆಂಡ ಹಿಡಿದವನ ಹಾಗೆ ಅದನ್ನು ಹಿಡಿದ.

ಗುರುಮಲ್ಲಪ್ಪನಿಗೆ ಸಮಾಧಾನವಾಗಬೇಕಿತ್ತು. ಲಾಕಪ್ಪಿನಲ್ಲಿ ನರಳುತ್ತಿರುವವನು ನಿರಪರಾಧಿ, ಸಂಜೆಗೆ ಬಿಡಿಸಬಹುದು. ಆದರೆ ಎದೆಯೊಳಗೆ ಏನೋ ಇನ್ನೂ ಕೊರೆಯುತ್ತಿತ್ತು. ದಾಖಲೆಗೆ ಬೇಕೆಂದು ಕೊನೆಯದಾಗಿ ಒಂದು ಪ್ರಶ್ನೆ ಕೇಳಿದ.

"ಎರಡು ನಾಯಿಗೂ ಒಟ್ಟಿಗೇ ಕಲಿಸಿದ್ರಾ?"

"ಎರಡಲ್ಲ," ಎಂದಳು ಸರ್ವಮಂಗಳಾ. "ಮೂರು. ಸೀಸರ್ ಎಲ್ಲಕ್ಕಿಂತ ಮುಂಚೆ ಕಲೀತು. ಅದು ಹೋಯ್ತಲ್ಲ, ಕೊಡಗಿನ ಎಸ್ಟೇಟಿಗೆ."

ವೃಷಭೇಂದ್ರಪ್ಪ ತಲೆ ಎತ್ತಿದ.

"ಕೊಡಗಿಗೆ ಹೋಗಲಿಲ್ಲ ಕಣೆ. ಅವರು ಬೇಡ ಅಂದ್ರು. ಲಕ್ಷ್ಮೀಪುರಂಗೆ ಕಳಿಸ್ದೆ. ಬೀಗರಿಗೆ, ಉಡುಗೊರೆ ಅಂತ. ಮದುವೆ ದಿನ ಹೇಳೋಣ ಅಂತಿದ್ದೆ."

ಸರ್ವಮಂಗಳಾಳ ಗಂಟಲಿನಿಂದ ಬಂದ ಸದ್ದು ಮನುಷ್ಯರದಲ್ಲ ಎನ್ನುವ ಹಾಗಿತ್ತು.

"ಆ ಡಾಕ್ಟರು," ಎಂದ ಗುರುಮಲ್ಲಪ್ಪ, "ಕೋಟು ತೊಡ್ತಾರಾ?"

"ದಿನಾ ಸಂಜೆ ವಾಕಿಂಗ್ ಹೋಗ್ತಾರೆ. ಹಳೇ ಮಿಲಿಟರಿ ಕೋಟು ತೊಟ್ಕೊಂಡೇ. ರಿಟೈರಾದ್ರೂ ಬಿಟ್ಟಿಲ್ಲ." ವೃಷಭೇಂದ್ರಪ್ಪನ ಮಾತು ತೊದಲಿತು. "ಹೊಸ ಜಾಗ, ಒಂದು ವಾರ ಕಟ್ಟಿಹಾಕಿರಿ, ನಿಮ್ಮ ಕೈಗೆ ಹೊಂದಿದ ಮೇಲೆ ಜೊತೇಲಿ ಕರ್ಕೊಂಡು ಹೋಗಿ ಅಂತ ಹೇಳಿ ಕಳಿಸಿದ್ವಿ. ವಾರ ಆಯ್ತು. ಇವತ್ತಿಂದ ಬಿಚ್ತಾರೆ."

ತೋಟದಲ್ಲಿ ಟೆಲಿಫೋನ್ ಇಲ್ಲ. ಗುರುಮಲ್ಲಪ್ಪ ಜಗುಲಿಯ ಮೆಟ್ಟಿಲು ಹಾರಿ ಇಳಿದ. "ಕೆಂಪಯ್ಯ, ನಾಯಿ ಒಳಗೆ ಹಾಕು! ಈಯಮ್ಮನ ಬಿಟ್ಟು ಅಲ್ಲಾಡಬೇಡ!" ಜೀಪಿನ ಕಡೆ ಓಡುತ್ತಿದ್ದವನು ಅಲ್ಲೇ ನಿಂತು ತಿರುಗಿದ. ಕೊರೆಯುತ್ತಿದ್ದುದು ಏನೆಂದು ಈಗ ಗೊತ್ತಾಯಿತು. ಅತ್ತಿಗೆಯ ಮಾತು ಕೇಳಿ ಪಾರ್ವತಮ್ಮ ಬೆಚ್ಚಲೇ ಇಲ್ಲ.

"ಇಷ್ಟು ನಾಯಿಗಳಲ್ಲಿ ಸೀಸರ್‌ನೇ ಕೊಡ್ಬೇಕು ಅಂತ ಆರಿಸಿದ್ದು ಯಾರು?"

"ಪಾರ್ವತಿ," ಎಂದ ವೃಷಭೇಂದ್ರಪ್ಪ. "ಬೇರೆ ಯಾವ್ದೂ ಬೇಡಣ್ಣ, ಆ ಮನೆಗೆ ಸೀಸರ್ರೇ ಸರಿ ಅಂದ್ಲು. ವಾರ ಕಟ್ಟಿಹಾಕೋಕೆ ಹೇಳಿದ್ದೂ ಅವಳೇ."

ಹಾಗಾದರೆ ಹುಳುಮನೆಯ ಪಾಠ ಅವಳಿಗೆ ಮೊದಲೇ ಗೊತ್ತಿತ್ತೇ? ಗುರುಮಲ್ಲಪ್ಪ ಜಗುಲಿಯ ಕೆಳಗೆ ನೋಡಿದ. ಅವಳು ಅಲ್ಲಿರಲಿಲ್ಲ.

ಪಾರ್ವತಮ್ಮ ಜೀಪಿನ ಹಿಂದಿನ ಸೀಟಿನಲ್ಲಿ ಆಗಲೇ ಕುಳಿತಿದ್ದಳು. ಕೈ ಮಡಿಲಲ್ಲಿ, ಕಣ್ಣು ಮುಂದಿನ ರಸ್ತೆಯ ಮೇಲೆ. ಅವನು ಹತ್ತಿರ ಬಂದಾಗ ತಿರುಗಿ ನೋಡದೆ ಹೇಳಿದಳು:

"ಬೇಗ ಹೊರಡಿ ಇನ್‌ಸ್ಪೆಕ್ಟ್ರೇ. ನನ್ನ ಮಾತು ಬಿಟ್ಟು ಸೀಸರ್ ಬೇರೆ ಯಾರ ಮಾತೂ ಕೇಳಲ್ಲ."